ತೀವ್ರ ಎಚ್1ಎನ್1 ಜ್ವರದ ಮಕ್ಕಳ ಎದೆಯ ಎಕ್ಸ್‌ರೇ: ನನ್ನ ಅನುಭವ

2009ರ ಮಳೆಗಾಲದಲ್ಲಿ ಎಚ್1ಎನ್1 ಜ್ವರ (ಹಂದಿಜ್ವರ) ಪುಣೆ, ಬೆಂಗಳೂರುಗಳಲ್ಲಿ ಹರಡಿದಾಗ, ಮಕ್ಕಳ ಐಸಿಯುವಿನ ಎದೆಯ ಎಕ್ಸ್‌ರೇಗಳನ್ನು ನೋಡಿ ವರದಿ ಬರೆಯುವ ಹೊಣೆ ನನ್ನದಾಗಿತ್ತು. ಉಸಿರಿನ ವೇಗ ಹೆಚ್ಚಿದ್ದು ರಕ್ತದ ಆಮ್ಲಜನಕದ ಮಟ್ಟ ಇಳಿಯುತ್ತಿದ್ದರೂ ಮೊದಲ ಎಕ್ಸ್‌ರೇ ಸಹಜವಾಗಿಯೇ ಕಾಣುವುದುಂಟು. ಆದ್ದರಿಂದ ಅಂಥ ವರದಿಯಲ್ಲಿ ‘ಸಹಜ’ ಎಂದಷ್ಟೇ ಬರೆದು ಬಿಡದೆ, ದಣಿವು ಹೆಚ್ಚಿದರೆ ಮತ್ತೆ ತೆಗೆಸಬೇಕೆಂದು ಸೇರಿಸುತ್ತಿದ್ದೆ. ಈ ವೈರಸ್ಸಿನ ವಿರುದ್ಧ ಕೊಡುವ ಔಷಧಿ ಒಸೆಲ್ಟಾಮಿವಿರ್ ಆರಂಭಿಸಲು ಎಕ್ಸ್‌ರೇಗಾಗಿ ಕಾಯುವ ಅಗತ್ಯವಿಲ್ಲ.

ಅಳುವ ಮಗುವನ್ನು ಮಲಗಿಸಿ ಪೋರ್ಟಬಲ್ ಯಂತ್ರದಲ್ಲಿ ತೆಗೆದ ಚಿತ್ರವನ್ನು ಓದುವುದು ಸುಲಭವಲ್ಲ. ಉಸಿರು ಹೊರಬಿಟ್ಟ ಗಳಿಗೆಯಲ್ಲಿ ತೆಗೆದರೆ ಶ್ವಾಸಕೋಶ ಬೆಳ್ಳಗೆ, ಹೃದಯ ದೊಡ್ಡದಾಗಿ ಕಾಣುತ್ತದೆ. ದೇಹ ತುಸು ಹೊರಳಿದ್ದರೂ ಎರಡು ಬದಿಗಳ ಬಣ್ಣ ಬೇರೆಯಾಗುತ್ತದೆ. ಕೂಸುಗಳಲ್ಲಿ ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯ ನೆರಳನ್ನು ನ್ಯುಮೋನಿಯಾ ಎಂದು ತಿಳಿಯುವ ಸಾಧ್ಯತೆಯಿದೆ. ಹಾಗಾಗಿ ಉಸಿರು ಸಾಕಷ್ಟು ಎಳೆದಿದೆಯೇ ಎಂದು ತಿಳಿಯಲು ಪಕ್ಕೆಲುಬುಗಳನ್ನು ಎಣಿಸಿ, ದೇಹ ಹೊರಳಿದೆಯೇ ಎಂದು ತಿಳಿಯಲು ಕೊರಳೆಲುಬುಗಳ ಸಮತೆಯನ್ನು ನೋಡಿದ ಮೇಲೆಯೇ ಶ್ವಾಸಕೋಶದತ್ತ ಕಣ್ಣು ಹಾಯಿಸುವುದು ನನ್ನ ಕ್ರಮ. ಮಗುವನ್ನು ಹಿಡಿದುಕೊಳ್ಳುವ ತಾಯಿಗೆ ಸೀಸದ ಏಪ್ರನ್ ತೊಡಿಸಬೇಕು. ಆಕೆ ಗರ್ಭಿಣಿಯಾಗಿದ್ದರೆ ಬೇರೆಯವರು ಹಿಡಿದುಕೊಳ್ಳಬೇಕು.

ಸೌಮ್ಯ ಸೋಂಕಿನಲ್ಲಿ ಶ್ವಾಸನಾಳಗಳ ಗೋಡೆ ದಪ್ಪವಾಗಿ, ಶ್ವಾಸಕೋಶ ಅತಿಯಾಗಿ ಉಬ್ಬಿದಂತೆ ಕಾಣುತ್ತದೆ. ಎರಡೂ ಬದಿಗಳಲ್ಲಿ ಹಲವೆಡೆ ಬಿಳಿ ಮಚ್ಚೆಗಳು ಹರಡಿದ್ದರೆ, ವರದಿ ಬರೆಯುವ ಮೊದಲೇ ಐಸಿಯುವಿಗೆ ಫೋನ್ ಮಾಡುತ್ತಿದ್ದೆ, ಏಕೆಂದರೆ ಇಂಥ ಮಕ್ಕಳ ಸ್ಥಿತಿ ಒಂದೆರಡು ದಿನಗಳಲ್ಲಿಯೇ ಹದಗೆಟ್ಟು ವೆಂಟಿಲೇಟರ್ ಬೇಕಾಗಬಹುದು. ನಿಂತ ಜ್ವರ ಮರಳಿ ಬಂದು, ಪಕ್ಕೆಯ ಕೆಳಭಾಗದಲ್ಲಿ ನೀರು ತುಂಬಿದಂತೆ ಕಂಡರೆ ಸ್ಟೆಫಿಲೊಕಾಕಸ್ ಅಥವಾ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಸೇರಿರುವ ಶಂಕೆ ಬಲವಾಗುತ್ತದೆ. ಆ ನೀರು ತಿಳಿಯಾಗಿದೆಯೇ, ಕೀವುಗಟ್ಟಿ ಪದರಗಳಾಗಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ಹಾಸಿಗೆಯ ಬಳಿಯಲ್ಲಿಯೇ, ವಿಕಿರಣವಿಲ್ಲದೆ ತೋರಿಸುತ್ತದೆ.

ವೆಂಟಿಲೇಟರ್‌ನಲ್ಲಿರುವ ಮಗುವಿನ ಪ್ರತಿ ಚಿತ್ರದಲ್ಲಿ ನಾನು ಮೊದಲು ಹುಡುಕುವುದು ಗಂಟಲಿನ ಮೂಲಕ ಒಳಗಿಳಿಸಿದ ಉಸಿರಿನ ಕೊಳವೆಯ ತುದಿಯನ್ನು, ಏಕೆಂದರೆ ಮಗು ಕತ್ತು ಬಾಗಿಸಿದರೂ ಅದು ಕೆಳಗೆ ಸರಿಯುತ್ತದೆ. ಆಮೇಲೆ ಹೃದಯದ ಅಂಚಿನಲ್ಲಿಯೋ ಕತ್ತಿನಲ್ಲಿಯೋ ಸೋರಿದ ಗಾಳಿಯ ಕಪ್ಪು ಗೆರೆಗಳಿವೆಯೇ ಎಂದು ನೋಡುತ್ತೇನೆ. ಒಂದು ಬದಿ ಇದ್ದಕ್ಕಿದ್ದಂತೆ ಪೂರ್ತಿ ಬೆಳ್ಳಗಾದಾಗ ಹೃದಯ ಯಾವ ಕಡೆಗೆ ಸರಿದಿದೆ ಎಂಬುದೇ ಮುಖ್ಯ. ಆಚೆ ಬದಿಗೆ ತಳ್ಳಿದ್ದರೆ ನೀರು ತುಂಬಿರಬಹುದು. ಬಿಳಿಯಾದ ಬದಿಗೇ ಎಳೆದಿದ್ದರೆ ಶ್ವಾಸನಾಳ ಕಟ್ಟಿ ಶ್ವಾಸಕೋಶ ಕುಸಿದಿರಬಹುದು. ಈ ಸೋಂಕಿನಲ್ಲಿ ಕೆಲವು ಮಕ್ಕಳಿಗೆ ಶ್ವಾಸನಾಳದ ಆಕಾರದಲ್ಲೇ ಗಟ್ಟಿಯಾದ ಕಫದ ಅಚ್ಚು ಕಟ್ಟಿಕೊಳ್ಳುತ್ತದೆ, ಅದನ್ನು ಬ್ರಾಂಕೋಸ್ಕೋಪಿಯಿಂದ (ಶ್ವಾಸನಾಳದೊಳಗೆ ದರ್ಶಕ ನಳಿಕೆ ಇಳಿಸಿ) ತೆಗೆಯಬೇಕಾಗುತ್ತದೆ.

ಸಿಟಿ ಸ್ಕ್ಯಾನ್‌ಗೆ ಒತ್ತಾಯ ಬಂದಾಗಲೆಲ್ಲ, ಅದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳುತ್ತೇನೆ. ಕೀವುಗಡ್ಡೆಯ ಶಂಕೆಯಿದ್ದರೆ ಒಪ್ಪುತ್ತೇನೆ. ಬರೀ ಮಚ್ಚೆಗಳನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಲೆಂದು ಉಸಿರಾಡಲು ಒದ್ದಾಡುವ ಮಗುವನ್ನು ಐಸಿಯುವಿನಿಂದ ಕದಲಿಸಲು ಒಪ್ಪುವುದಿಲ್ಲ. ಗುಣವಾಗಿ ಮನೆಗೆ ಹೊರಟ ಮಗುವಿನ ಎಕ್ಸ್‌ರೇಯಲ್ಲಿ ನೆರಳುಗಳು ವಾರಗಟ್ಟಲೆ ಉಳಿಯಬಹುದು. ಮಗು ಚೆನ್ನಾಗಿ ಉಂಡು ಆಡಿಕೊಂಡಿದ್ದರೆ, ಅವು ಮಾಸಿವೆಯೇ ಎಂದು ನೋಡುವುದಕ್ಕಾಗಿಯೇ ಮತ್ತೆ ಎಕ್ಸ್‌ರೇ ತೆಗೆಸಬೇಕಿಲ್ಲವೆಂದು ಹೆತ್ತವರಿಗೆ ಹೇಳಿ ಕಳುಹಿಸುತ್ತೇನೆ.