ಲಸಿಕೆಗೂ ಮೊದಲು ನೀರಿಗೆ ಹಾಲಿನ ಪುಡಿ

ಕೋಳಿಗಳಿಗೆ ಕುಡಿಯುವ ನೀರಿನಲ್ಲಿ ಲಸೋಟಾ ಲಸಿಕೆ ಕೊಡುವವರು ಲೀಟರಿಗೆ 2ರಿಂದ 2.5 ಗ್ರಾಂನಂತೆ ಕೆನೆ ತೆಗೆದ ಹಾಲಿನ ಪುಡಿಯನ್ನು ಗಂಟಿಲ್ಲದಂತೆ ಕದಡಿ, ಅರ್ಧ ಗಂಟೆ ಬಿಟ್ಟು ಆಮೇಲೆ ಲಸಿಕೆ ಬೆರೆಸಿ. ರಾಣಿಖೇತ್ ರೋಗದ ಈ ಲಸಿಕೆಯಲ್ಲಿರುವುದು ಜೀವಂತ ವೈರಾಣು. ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಂದುಬಿಡುತ್ತದೆ. ಹಾಲಿನ ಪ್ರೋಟೀನ್ ಮೊದಲೇ ಕ್ಲೋರಿನ್ ಜೊತೆ ಸೇರಿ ಅದರ ಬಲ ಕುಂದಿಸುತ್ತದೆ. ಮನೆಯ ಗಟ್ಟಿ ಹಾಲು ಖಂಡಿತ ಬೇಡ, ಅದರ ಜಿಡ್ಡು ಕೋಳಿಗಳು ನೀರು ಕುಡಿಯುವ ನಿಪ್ಪಲ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಗಷ್ಟೇ ಬ್ಲೀಚಿಂಗ್ ಪುಡಿ ಸುರಿದ ಟ್ಯಾಂಕಿನ ನೀರಿಗೆ ಈ ಉಪಾಯ ಸಾಲದು. ನೀರಿಗೆ ಹಾಕುವ ಸೋಂಕುನಿವಾರಕವನ್ನು ಹಿಂದಿನ ದಿನವೇ ನಿಲ್ಲಿಸಿರಬೇಕು. ಬೆರೆಸಿದ ನೀರು ಎರಡು ಗಂಟೆಯೊಳಗೆ ಖಾಲಿಯಾಗದಿದ್ದರೂ ಲಸಿಕೆ ದಂಡ. ಹಾಗಾಗಿ ಮೊದಲು ಒಂದು ಗಂಟೆ ಕೋಳಿಗಳಿಗೆ ನೀರು ಕೊಡದೆ ಬಾಯಾರಿಸಿ, ಬೆಳಗಿನ ತಂಪಿನಲ್ಲೇ ಲಸಿಕೆಯ ನೀರು ಕೊಡಿ.