ಖಾಲಿ ಕ್ರೇಟ್ ಮಾತ್ರ ಯಾಕೆ ಗುದ್ದುತ್ತಿತ್ತು: ಝೋನ್ ಕಂಟ್ರೋಲ್ ಜೊತೆ ನನ್ನ ಅನುಭವ

ಝೀರೋ ಪ್ರೆಶರ್ ಕನ್ವೇಯರ್ ಲೈನ್ (ರೋಲರ್‌ಗಳ ಮೇಲೆ ಮಾಲು ಸಾಗಿಸೋ ಲೈನ್) ಅಂದ್ರೆ ಸಾಲಲ್ಲಿ ನಿಂತಿರೋ ಮಾಲು ಒಂದಕ್ಕೊಂದು ತಾಗಲೇಬಾರದು, ಆದ್ರೆ ನಾನು ಮೊದಲ ಸಲ ಕಮಿಷನಿಂಗ್ ಮಾಡಿದ, ಅಂದ್ರೆ ಸೆಟ್ ಮಾಡಿ ಚಾಲೂ ಮಾಡಿದ ಲೈನಲ್ಲಿ ಕ್ರೇಟ್‌ಗಳು ಗುದ್ದಿಕೊಂಡೇ ನಿಲ್ತಿದ್ವು, ನಾನು ಇಡೀ ದಿನ ಮೋಟರ್ ಓಡಿಸೋ ಕಂಟ್ರೋಲ್ ಕಾರ್ಡ್ ಸೆಟ್ಟಿಂಗ್ಸಲ್ಲೇ ತಪ್ಪು ಹುಡುಕ್ತಾ ಕೂತೆ.

ಲಾಜಿಕ್ ನೋಡಿದ್ರೆ ತುಂಬಾ ಸಿಂಪಲ್. ಲೈನನ್ನ ಝೋನ್ ಅನ್ನೋ ಸಣ್ಣ ಭಾಗಗಳಾಗಿ ಮಾಡಿರ್ತಾರೆ; ಪ್ರತಿ ಝೋನ್‌ಗೆ ಒಂದು 24 ವೋಲ್ಟ್ ಮೋಟರ್ ರೋಲರ್ (ಒಳಗೇ ಮೋಟರ್ ಇರೋ ರೋಲರ್), ಬೆಲ್ಟ್ ಹಾಕಿ ಅದಕ್ಕೆ ಜೋಡಿಸಿರೋ ಉಳಿದ ರೋಲರ್‌ಗಳು, ಮಾಲು ಹೊರಗೆ ಹೋಗೋ ತುದಿ ಹತ್ರ ಬೆಳಕಿನಿಂದ ಮಾಲು ಗುರುತಿಸೋ ಒಂದು ಫೋಟೋ ಸೆನ್ಸರ್. ನನ್ನ ಝೋನ್ ತುಂಬಿದೆ, ಮುಂದಿನದೂ ತುಂಬಿದೆ ಅಂದ್ರೆ ನಿಲ್ಲು. ಮುಂದಿನದು ಖಾಲಿ ಆದ್ರೆ ಓಡು. ನಾನೇ ಖಾಲಿ ಇದ್ದು ಹಿಂದಿನಿಂದ ಮಾಲು ಬರ್ತಿದ್ರೆ ಆಗ್ಲೂ ಓಡು. ಅಕ್ಕಪಕ್ಕದ ಕಾರ್ಡ್‌ಗಳು ಮಾತಾಡ್ಕೊಳ್ಳೋದು ಇಷ್ಟೇ, ಇದಕ್ಕೆ ಪಿಎಲ್‌ಸಿ (ಯಂತ್ರಗಳನ್ನ ನಿಯಂತ್ರಿಸೋ ಕಂಪ್ಯೂಟರ್) ಕೂಡ ಬೇಕಿಲ್ಲ.

ಮಾರನೇ ದಿನ ಲೈನ್ ಪಕ್ಕ ಸುಮ್ನೆ ನಿಂತು ನೋಡ್ದಾಗ ಗೊತ್ತಾಯ್ತು, ತುಂಬಿದ ಕ್ರೇಟ್ ಸರಿಯಾಗೇ ನಿಲ್ತಿದೆ, ಗುದ್ದೋದು ಖಾಲಿದು ಬಂದಾಗ ಮಾತ್ರ! ಆ ಕ್ರೇಟ್‌ಗಳ ಪಕ್ಕ ಎಲ್ಲಾ ಗಾಳಿಯಾಡೋ ಜಾಲರಿ, ಒಳಗೆ ಮಾಲು ಇಲ್ದಿದ್ರೆ ಸೆನ್ಸರ್‌ನ ಬೆಳಕು ಆ ಕಡೆಯಿಂದ ಈ ಕಡೆಗೆ ತೂರಿ ಎದುರಿನ ರಿಫ್ಲೆಕ್ಟರ್‌ಗೆ ಬಡಿದು ವಾಪಸ್ ಬರ್ತಿತ್ತು, ಕ್ರೇಟ್ ಅಲ್ಲೇ ನಿಂತಿದ್ರೂ ಝೋನ್ ಖಾಲಿ ಅಂತ ತಿಳ್ಕೊಂಡು ಹಿಂದಿನ ಝೋನ್ ಇನ್ನೊಂದನ್ನ ಕಳಿಸ್ತಿತ್ತು.

ಅವಸರದಲ್ಲಿ ಮೊದಲು ಟೈಮರ್ ಮುಟ್ಟಿದೆ, ಸೆನ್ಸರ್ ತೆರವಾದ್ಮೇಲೂ 1 ಸೆಕೆಂಡ್ ಕಾಯೋ ಹಾಗೆ. ಅದು ತಪ್ಪು. ಸೆಕೆಂಡಿಗೆ ಅರ್ಧ ಮೀಟರ್ ಓಡೋ ಲೈನಲ್ಲಿ 1 ಸೆಕೆಂಡ್ ಅಂದ್ರೆ ಪ್ರತಿ ಕ್ರೇಟ್ ನಡುವೆ ಅರ್ಧ ಮೀಟರ್ ಗ್ಯಾಪ್ ಹೆಚ್ಚಿಗೆ ಬಿಟ್ಟಂಗೆ, ಮೇಲಾಗಿ ಜಾಲರಿ ಎದುರಿಗೇ ನಿಂತ ಕ್ರೇಟ್‌ಗೆ ಯಾವ ಟೈಮರೂ ಉಪಯೋಗಕ್ಕೆ ಬರಲ್ಲ. ಕೊನೆಗೆ ಸೆನ್ಸರ್ ಬ್ರಾಕೆಟ್‌ನೂ ರಿಫ್ಲೆಕ್ಟರ್‌ನೂ ಕೆಳಗಿಳಿಸಿ ಕ್ರೇಟ್ ತಳದ ಗಟ್ಟಿ ಪಟ್ಟಿ ಕಾಣೋ ಎತ್ತರಕ್ಕೆ ತಂದೆ, ಟೈಮರ್ 0.2 ಸೆಕೆಂಡ್‌ಗೆ ಇಳಿಸಿದೆ. ಗುದ್ದೋದು ಅವತ್ತೇ ನಿಂತೋಯ್ತು.

ಇನ್ನೊಂದು ಸಮಸ್ಯೆ ರಿಲೀಸ್ ಮಾಡುವಾಗಿಂದು. ಇಡೀ ಸಾಲನ್ನ ರೈಲಿನಂಗೆ ಒಟ್ಟಿಗೆ ಬಿಟ್ರೆ ಬೇಗ ಖಾಲಿಯಾಗುತ್ತೆ ನಿಜ, ಆದ್ರೆ ಎಲ್ಲಾ ಮೋಟರ್ ಒಂದೇ ಕ್ಷಣದಲ್ಲಿ ಸ್ಟಾರ್ಟ್ ಆಗಿ ಕರೆಂಟ್ ಒಮ್ಮೆಲೇ ಎಳೀತಾವೆ, ನಮ್ಮ ಪವರ್ ಸಪ್ಲೈ ಎರಡು ಸಲ ಟ್ರಿಪ್ ಆಯ್ತು. ಒಂದೊಂದಾಗಿ ಬಿಡೋ ಮೋಡ್‌ಗೆ ಹಾಕಿದ್ಮೇಲೆ ಮುಂದಿನ ಕ್ರೇಟ್ ಹೋದಂಗೆ ಹಿಂದಿನ ಝೋನ್ ಎದ್ದು ಓಡ್ತಾ ಹೋಯ್ತು, ಸಾಲು ಖಾಲಿಯಾಗೋದು ಸ್ವಲ್ಪ ನಿಧಾನ ಆಯ್ತು, ಸಪ್ಲೈ ಮತ್ತೆ ಟ್ರಿಪ್ ಆಗ್ಲಿಲ್ಲ.