ವಾಡಿಯ ಗೂಡ್ಸ್ ಗಾಡಿ ಕದಲುವುದು ಹೇಗೆ?

ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟ್ ತುಂಬಿದ ವ್ಯಾಗನ್ನುಗಳ ಸಾಲನ್ನು ಡೀಸೆಲ್ ಎಂಜಿನ್ನು ಎಳೆಯುವುದನ್ನು ಕಂಡವರು, ಅದರೊಳಗಿನ ಯಂತ್ರವೇ ನೇರವಾಗಿ ಗಾಲಿಗಳನ್ನು ತಿರುಗಿಸುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಭಾರತೀಯ ರೈಲ್ವೆಯ ಗೂಡ್ಸ್ ಗಾಡಿಗಳನ್ನೆಳೆಯುವ ಡಬ್ಲ್ಯುಡಿಜಿ-4ರಂತಹ ಡೀಸೆಲ್ ಎಂಜಿನ್ನುಗಳಲ್ಲಿ ಒಳಗಿನ ಯಂತ್ರದ ಶಕ್ತಿಯನ್ನು ಗಾಲಿಯ ಬಳಿಗೆ ಒಯ್ಯುವುದು ವಿದ್ಯುತ್ ತಂತಿ.

ಡೀಸೆಲ್ ಯಂತ್ರವು ಒಂದು ಕನಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಕಸುವು. ನಿಂತಲ್ಲಿಂದ ಹೊರೆಯನ್ನು ಕದಲಿಸಲಾರದು. ಲಾರಿಯಲ್ಲಿ ಕ್ಲಚ್ಚು, ಗೇರುಗಳು ಈ ಕೊರತೆಯನ್ನು ನೀಗಿಸುತ್ತವೆ. ಸಾವಿರಾರು ಟನ್ ಭಾರದ ಮುಂದೆ ಅಂಥ ಕ್ಲಚ್ಚು ಉಜ್ಜಿ ಸುಟ್ಟುಹೋದೀತು. ಆದ್ದರಿಂದ ಇಲ್ಲಿ ಆ ಕೆಲಸ ವಿದ್ಯುತ್ತಿನದು.

ಗಾಡಿ ಹೊರಡುವಾಗ ಲೋಕೊ ಪೈಲಟ್ (ಚಾಲಕರು) ಯಂತ್ರದ ವೇಗ ನಿಯಂತ್ರಿಸುವ ಥ್ರಾಟಲ್ಲನ್ನು ಒಂದನೇ ನಾಚ್‌ಗೆ, ಅಂದರೆ ಮೊದಲ ಮೆಟ್ಟಿಲಿಗೆ, ತರುತ್ತಾರೆ. ಇಂಥ ನಾಚ್‌ಗಳು ಎಂಟು. ನಾಚ್ ಏರಿದಂತೆ ಹದಿನಾರು ಸಿಲಿಂಡರುಗಳ ಯಂತ್ರದ ವೇಗ, ಉರಿಯುವ ಡೀಸೆಲ್ ಎರಡೂ ಹೆಚ್ಚುತ್ತವೆ. ಯಂತ್ರಕ್ಕೆ ಜೋಡಿಸಿದ ಆಲ್ಟರ್ನೇಟರ್ ಆ ಶಕ್ತಿಯನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ರೆಕ್ಟಿಫೈಯರ್ ಅದನ್ನು ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು) ಮಾಡಿದರೆ, ಇನ್ವರ್ಟರ್ ಮತ್ತೆ ಬೇಕಾದ ಆವರ್ತನದ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್ತು) ಮಾಡಿ ಮೋಟಾರುಗಳಿಗೆ ಕಳಿಸುತ್ತದೆ.

ಪ್ರತಿ ಆಕ್ಸಲ್‌ಗೆ (ಜೋಡಿ ಗಾಲಿಗಳ ಅಚ್ಚಿಗೆ) ಒಂದರಂತೆ ಗಾಡಿ ಎಳೆಯುವ ಆರು ಟ್ರ್ಯಾಕ್ಷನ್ ಮೋಟಾರುಗಳಿವೆ. ಮೋಟಾರಿನ 17 ಹಲ್ಲುಗಳ ಪಿನಿಯನ್ನು (ಚಿಕ್ಕ ಹಲ್ಲುಚಕ್ರ) ಆಕ್ಸಲ್ಲಿನ 90 ಹಲ್ಲುಗಳ ಚಕ್ರವನ್ನು ತಿರುಗಿಸುವುದರಿಂದ ವೇಗ ಐದು ಪಟ್ಟಿಗಿಂತ ಹೆಚ್ಚು ತಗ್ಗಿ, ತಿರುಚುವ ಬಲ ಅಷ್ಟೇ ಪಟ್ಟು ಏರುತ್ತದೆ.

ಇಲ್ಲಿ ಓದುಗರು ತುಸು ನಿಂತು ಯೋಚಿಸಬೇಕು. ಅಶ್ವಶಕ್ತಿ ಬೇರೆ, ಎಳೆತ ಬೇರೆ. ಈ ಎಂಜಿನ್ನಿನ 4000 ಅಶ್ವಶಕ್ತಿಯಲ್ಲಿ ಸುಮಾರು ಶೇ. 85 ಗಾಲಿಗೆ ತಲುಪಿತೆಂದು ಲೆಕ್ಕ ಹಾಕಿದರೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಸುಮಾರು 37 ಟನ್ ಎಳೆತ (ಅಷ್ಟು ತೂಕವನ್ನು ನೇರ ಮೇಲೆತ್ತಲು ಬೇಕಾದಷ್ಟು ಬಲ) ಸಿಗುತ್ತದೆ, 100 ಕಿ.ಮೀ. ವೇಗದಲ್ಲಿ ಅದೇ ಯಂತ್ರ ಕೊಡುವುದು 9 ಟನ್ ಮಾತ್ರ. ವೇಗ ನಾಲ್ಕು ಪಟ್ಟಾದರೆ ಎಳೆತ ಕಾಲು ಭಾಗಕ್ಕಿಳಿಯುತ್ತದೆ.

ಹಾಗಾದರೆ ವೇಗ ಸೊನ್ನೆಯಿದ್ದಾಗ ಎಳೆತ ಅಪಾರವಾಗಬೇಕಲ್ಲವೇ? ಆಗುವುದಿಲ್ಲ, ಅಲ್ಲಿ ಮಿತಿ ಹಾಕುವುದು ಹಳಿ. ಉಕ್ಕಿನ ಗಾಲಿಯು ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ನಾಣ್ಯದಷ್ಟು. ಒಣ ಹಳಿಯ ಮೇಲೆ ಎಂಜಿನ್ನಿನ ಭಾರದ ಸುಮಾರು ಮೂರನೇ ಒಂದು ಭಾಗ ಮಾತ್ರ ಎಳೆತವಾಗಿ ಸಿಗುತ್ತದೆ ಎಂದಿಟ್ಟುಕೊಂಡರೆ, 126 ಟನ್ ತೂಕಕ್ಕೆ 42 ಟನ್. ಆದ್ದರಿಂದಲೇ ಈ ಎಂಜಿನ್ನುಗಳನ್ನು ಬೇಕೆಂದೇ ಭಾರವಾಗಿ ಕಟ್ಟುತ್ತಾರೆ. ಮೊದಲ ಮಳೆಯ ತುಂತುರು ಹಳಿಯ ಮೇಲಿನ ದೂಳಿನೊಡನೆ ಕಲಸಿಕೊಂಡಾಗ ಹಿಡಿತ ಇನ್ನೂ ಕುಸಿಯುತ್ತದೆ. ಆಗ ಗಾಲಿಯ ಮುಂದೆ ಮರಳು ಸುರಿಸಬೇಕಾಗುತ್ತದೆ. ಗಾಲಿ ಜಾರತೊಡಗಿದರೆ ಕಂಪ್ಯೂಟರ್ ಕ್ಷಣಾರ್ಧದಲ್ಲಿ ಮೋಟಾರಿನ ಬಲವನ್ನು ತಗ್ಗಿಸುತ್ತದೆ.

ಇಳಿಜಾರಿನಲ್ಲಿ ಇದೇ ವ್ಯವಸ್ಥೆ ತಿರುವುಮುರುವಾಗುತ್ತದೆ. 2017ರಲ್ಲಿ ತೆರೆದ ಬೀದರ್–ಕಲಬುರಗಿ ಮಾರ್ಗದಲ್ಲಿ ಇಂಥ ಎಂಜಿನ್ನೊಂದು ಬೀದರಿನ ಎತ್ತರದಿಂದ ಇಳಿಯುವಾಗ ಪೈಲಟ್ ಡೈನಮಿಕ್ ಬ್ರೇಕ್ ಹಾಕಿದರೆ, ಎಳೆಯುತ್ತಿದ್ದ ಮೋಟಾರುಗಳೇ ಜನರೇಟರುಗಳಾಗಿ ಗಾಡಿಯನ್ನು ತಡೆಯುತ್ತವೆ. ಅಲ್ಲಿ ಹುಟ್ಟಿದ ವಿದ್ಯುತ್ತು, ಅದರ ಹರಿವನ್ನು ತಡೆಯುವ ರೆಸಿಸ್ಟರ್ ಜಾಲಗಳಲ್ಲಿ ಕಾವಾಗಿ, ಫ್ಯಾನುಗಳ ಗಾಳಿಯೊಡನೆ ಹೊರಹೋಗುತ್ತದೆ.